ಹಗ್ಗ ಕಟ್ಟಿದ ಬಾಗಿಲು

ಇಡೀ ಪ್ರಪಂಚದ ಮೂಗು ಬಾಯಿ ಮುಚ್ಚಿಸಿದ ಆ ಕೊರೋನಾ ಮಹಾಮಾರಿಯನ್ನು ನಮ್ಮ ಟ್ರಿಸ್ಟನ್ ದ್ವೀಪದ ಬಂದರಿನಲ್ಲಿ ನಾನೊಬ್ಬನೇ, ಆಲೂಗಡ್ಡೆ ಅಗೆಯುವ ಸಲಿಕೆ ಹಿಡಿದು, ಅಡ್ಡ ನಿಂತು ಹಿಂದಕ್ಕಟ್ಟಿದೆ. ಒಂದೇ ಏಟಿಗೆ ಅದು ಸಮುದ್ರಕ್ಕೆ ಬಿತ್ತು. ಅದನ್ನು ನುಂಗಿದ ಸೀಲ್ ಪ್ರಾಣಿಯೊಂದು ಸಂಜೆಯವರೆಗೂ ಸೀನಿತು; ಆ ಸೀನಿಗೆ ಎರಡು ದೋಣಿಗಳು ಮಗುಚಿಕೊಂಡವು. ನಂಬದವರು ಬಂದು ಸೀಲನ್ನೇ ಕೇಳಬಹುದು. ಕೇಪ್‌ಟೌನಿನಿಂದ ಹಡಗಿನಲ್ಲಿ ಒಂದು ವಾರದ ಹಾದಿ, ಅಷ್ಟೇ.

ನಮ್ಮದು ಇನ್ನೂರೈವತ್ತು ಜನವೂ ಇಲ್ಲದ ಊರು. ಗಾಳಿ ಮಾತ್ರ ಇಪ್ಪತ್ತು ದೇಶಗಳಿಗೆ ಹಂಚಿ ಮಿಗುವಷ್ಟಿದೆ. ಸೋಮವಾರ ಹಾರಿದ ನನ್ನ ಟೋಪಿ ಭೂಮಿ ಸುತ್ತಿ ಗುರುವಾರ ನನ್ನ ತಲೆಯ ಮೇಲೇ ಬಂದು ಕೂತದ್ದುಂಟು. ಇಂಥ ಊರಿಗೆ ರೋಗ ತಾನಾಗಿ ಬರಲಾರದು, ಹಡಗು ಹತ್ತಿಯೇ ಬರಬೇಕು. ಪ್ರತಿ ಹಡಗು ಹೋದ ಮೇಲೂ ಊರಿಗೆ ಊರೇ ಕೆಮ್ಮುತ್ತ ಮಲಗುವುದು ಮುತ್ತಜ್ಜಂದಿರ ಕಾಲದಿಂದ ನಡೆದು ಬಂದದ್ದು. ಅದಕ್ಕೆ ಹಡಗಿನ ನೆಗಡಿ ಎನ್ನುತ್ತೇವೆ. ಬರಿಯ ನೆಗಡಿಗೇ ಸೋಲುವ ಎದೆಗಳಿಗೆ ಈ ಹೊಸ ರೋಗ ತಗುಲಿದರೆ ಗೋರಿ ತೋಡಲೂ ಆಳು ಉಳಿಯುವುದಿಲ್ಲ ಎಂದು ದ್ವೀಪದ ಸಭೆ ಪ್ರವಾಸಿ ಹಡಗುಗಳನ್ನೆಲ್ಲ ನಿಲ್ಲಿಸಿತು. ಆ ಸಭೆಯಲ್ಲಿ ನಾನು ಮೂರು ಗಂಟೆ ಭಾಷಣ ಮಾಡಿದೆ. ಒಳಗೆ ಜಾಗವಿರಲಿಲ್ಲವಾದ್ದರಿಂದ ಹೊರಗೆ ನಿಂತು ಮಾಡಿದೆ.

ಆಗ ನನ್ನ ಮಗಳು ಲೋರ್ನಾ ಗಂಡನ ಜೊತೆ ಕೇಪ್‌ಟೌನಿನಲ್ಲಿದ್ದಳು. ನಮ್ಮ ಹೆಂಗಸರು ಹೆರಿಗೆಗೆ ಅಲ್ಲಿಗೇ ಹೋಗುವುದು. ಹೆಣ್ಣು ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ಆ ನಗರವೇ ಬಾಗಿಲು ಹಾಕಿಕೊಂಡಿತು. ಇಲ್ಲಿ ನನ್ನ ತಾಯಿ ಡೋರ್ಕಸ್, ತೊಂಬತ್ತರ ಹತ್ತಿರದವಳು, ಎದೆಯಲ್ಲಿ ಹಳೆಯ ದಮ್ಮು. ಮರಿಮಗಳನ್ನು ಒಮ್ಮೆ ಮಡಿಲಲ್ಲಿ ಇಟ್ಟುಕೊಂಡೇ ಹೋಗುತ್ತೇನೆ ಎಂಬುದೊಂದೇ ಅವಳ ಹಟ.

ನಮ್ಮಲ್ಲಿ ಹುಡುಗಿ ಹುಡುಗನಿಗೆ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟರೆ ಊರವರು ಮೊದಲು ಅದರ ಪಟ್ಟೆ ಎಣಿಸುತ್ತಾರೆ. ಪಟ್ಟೆ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು. ನನ್ನ ಹೆಂಡತಿ ಮದುವೆಗೆ ಮುಂಚೆ ಕೊಟ್ಟದ್ದರಲ್ಲಿ ನಲವತ್ತು ಪಟ್ಟೆಯಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ, ಎರಡಿತ್ತು ಎಂದು ಅವಳು ಹೇಳುತ್ತ ಬಂದಿದ್ದಾಳೆ. ಅಮ್ಮ ಆ ಮಗುವಿಗೆ ಹೆಣೆದ ಹೆಬ್ಬೆರಳುದ್ದದ ಕಾಲುಚೀಲಗಳಲ್ಲಿ ಪಟ್ಟೆ ಬಿಟ್ಟು ಬೇರೆ ಜಾಗವೇ ಇರಲಿಲ್ಲ.

ತಿಂಗಳುಗಳ ಮೇಲೆ ಮೀನು ಹಡಗೊಂದು ಅವರನ್ನು ಕರೆತಂದಿತು. ಸಭೆಯ ನಿಯಮದ ಪ್ರಕಾರ ಇಳಿದವರು ಎರಡು ವಾರ ಊರಾಚೆ ಆಲೂಗಡ್ಡೆ ಹೊಲಗಳ ಗುಡಿಸಲುಗಳಲ್ಲಿ ಇರಬೇಕು, ಯಾರೂ ಹತ್ತಿರ ಹೋಗಬಾರದು. ಲೋರ್ನಾಳ ಸಂಸಾರಕ್ಕೆ ನಮ್ಮ ಹೊಲದ ಗುಡಿಸಲೇ ಸಿಕ್ಕಿತು.

ತೊಡಕಿದ್ದದ್ದು ಬಾಗಿಲಿನಲ್ಲಿ. ನಮ್ಮೂರಲ್ಲಿ ಬೀಗವಿಲ್ಲ, ಬಾಗಿಲು ತಟ್ಟುವ ರೂಢಿಯೂ ಇಲ್ಲ. ತಟ್ಟಿದರೆ ಪರದೇಶಿ ಬಂದನೆಂದು ತಿಳಿಯುತ್ತೇವೆ. ಹಡಗಿನಿಂದ ಯಾರಾದರೂ ಇಳಿದರೆ ಊರೆಲ್ಲ ಅವರ ಮನೆಗೆ ನುಗ್ಗಿ, ಮುತ್ತಿಟ್ಟು, ಟೀ ಕುಡಿದೇ ಏಳುವುದು. ನಿಯಮ ಮುರಿಯಬೇಕೆಂದು ಯಾರೂ ಮುರಿಯುವವರಲ್ಲ, ಕಾಲು ತಾನೇ ಒಳಗೆ ಹೋಗಿಬಿಡುತ್ತದೆ. ಹಾಗಾಗಿ ಕಾವಲಿಗೊಬ್ಬ ಧೀರ ಬೇಕಾಯಿತು. ಇಡೀ ದ್ವೀಪ ಒಕ್ಕೊರಲಿನಿಂದ ನನ್ನ ಹೆಸರು ಕೂಗಿತು. ದೋಣಿಯ ಹಗ್ಗ ತಂದು ಗುಡಿಸಲಿನ ಬಾಗಿಲನ್ನು ಹೊರಗಿನಿಂದ ಬಿಗಿದೆ. ಕೂಗಿದರೆ ಬಿಚ್ಚುತ್ತೇನೆ ಎಂದೆ. ನಾನೇನು ಕುರಿಯಾ ಎಂದು ಒಳಗಿನಿಂದ ಲೋರ್ನಾ ಗೊಣಗಿದಳು. ಕುರಿಯಾದರೆ ಇಷ್ಟು ಮಾತಾಡುವುದಿಲ್ಲ ಎಂದೆ.

ಎರಡು ವಾರ ನಾನು ರೆಪ್ಪೆ ಮುಚ್ಚಲಿಲ್ಲ. ಅಣ್ಣತಮ್ಮಂದಿರು, ನೆಂಟರು, ಪಾದ್ರಿ, ಕೊನೆಗೆ ಊರ ಹೋರಿ, ಒಟ್ಟು ಎಪ್ಪತ್ತು ಜೀವಗಳು ಆ ಬಾಗಿಲಿಗೆ ನುಗ್ಗಿ ಬಂದವು. ಎಲ್ಲರನ್ನೂ ಅದೇ ಸಲಿಕೆಯಿಂದ ಹಿಂದಕ್ಕಟ್ಟಿದೆ.

ಇಷ್ಟು ಬರೆದು ಲೋರ್ನಾಳಿಗೆ ಓದಿ ಹೇಳಿದೆ. ಅವಳು ನನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ತುರಿಯುತ್ತಿದ್ದಳು.

"ಎಷ್ಟು ಜನ ಬಂದ್ರು ಅಂದೆ ಅಪ್ಪ?"

"ಎಪ್ಪತ್ತು. ಕಡಿಮೆನೇ ಹೇಳಿದೀನಿ."

"ಬಂದಿದ್ದು ಒಬ್ಬರು. ನಾನು ಕಿಟಕಿ ಒಳಗಡೇನೇ ಇದ್ದೆ, ಮರೆತುಬಿಟ್ಯಾ?"

ನಾನು ಮಾತನ್ನು ಸೀಲಿನ ಕಡೆಗೆ ತಿರುಗಿಸಲು ನೋಡಿದೆ. ಅವಳು ತುರಿಯುವುದನ್ನು ನಿಲ್ಲಿಸಿದಳು.

"ಸೀಲು ಹಾಳಾಗಿ ಹೋಗ್ಲಿ. ಅಜ್ಜಿ ಬಂದಿದ್ದನ್ನ ಬರಿ. ಇಲ್ಲಾಂದ್ರೆ ಇದನ್ನ ತಗೊಂಡು ಒಲೆಗೆ ಹಾಕು."

ಸರಿ, ಬರೆಯುತ್ತೇನೆ.

ನನ್ನನ್ನು ಯಾರೂ ಕಾವಲಿಗೆ ನೇಮಿಸಿರಲಿಲ್ಲ. ಮನೆಯಲ್ಲಿ ಕೂರಲಾಗದೆ ನಾನೇ ಹೋಗಿ ನಿಂತಿದ್ದೆ. ಊರವರು ಯಾರೂ ಆ ಕಡೆ ತಲೆ ಹಾಕಲಿಲ್ಲ, ನಿಯಮವನ್ನು ಚೆನ್ನಾಗಿಯೇ ಪಾಲಿಸಿದರು. ಬಂದವಳು ಅಮ್ಮ ಒಬ್ಬಳೇ. ಯಾರದೋ ಟ್ರ್ಯಾಕ್ಟರ್ ಹತ್ತಿ ದಾರಿ ಮುಗಿಯುವವರೆಗೂ ಬಂದು, ಅಲ್ಲಿಂದ ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಬಂದಳು. ನನ್ನನ್ನು ನೋಡಿದರೂ ನೋಡದವಳಂತೆ ನೇರ ಹೋಗಿ ಬಾಗಿಲು ನೂಕಿದಳು. ಅದು ಎರಡು ಬೆರಳಷ್ಟು ಸರಿದು ನಿಂತಿತು. ಅವಳಿಗೆ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಅವಳು ನೂಕಿದ ಬಾಗಿಲು ಯಾವುದೂ ನಿಂತದ್ದಿಲ್ಲ. ಮತ್ತೊಮ್ಮೆ ನೂಕಿದಳು. ಆಮೇಲೆ ಹಗ್ಗ ಕಂಡಿತು.

"ಇದನ್ನ ಕಟ್ಟಿದ್ದು ಯಾರೋ, ಆಂಬ್ರೋಸ್?"

"ನಾನೇ, ಅಮ್ಮ."

"ಬಿಚ್ಚು."

ಆಗುವುದಿಲ್ಲ ಎಂದೆ. ನಿನ್ನ ಎದೆ ತಡೆಯುವುದಿಲ್ಲ ಎಂದೆ. ಭಾನುವಾರಕ್ಕೆ ಎರಡು ವಾರ ಮುಗಿಯುತ್ತದೆ, ಅಲ್ಲಿಯ ತನಕ ತಡೆದರೆ ಮಗುವನ್ನು ಮನೆಗೇ ತಂದು ನಿನ್ನ ಮಡಿಲಿಗೆ ಹಾಕುತ್ತೇನೆ ಎಂದೆ.

"ಭಾನುವಾರ ನಿನಗಿದೆ ಕಣೋ. ನನಗಿದೆಯೋ ಇಲ್ವೋ ಯಾರು ಕಂಡಿದಾರೆ."

ನಾನು ಹಗ್ಗ ಮುಟ್ಟಲಿಲ್ಲ. ಅವಳು ಕಿಟಕಿಗೆ ಹೋದಳು. ಲೋರ್ನಾ ಮಗುವನ್ನು ಎತ್ತಿ ಹಿಡಿದಳು. ಅಮ್ಮ ಗಾಜಿಗೆ ಅಂಗೈ ಇಟ್ಟಳು. ಅವಳ ಉಸಿರಿಗೆ ಗಾಜು ಮಂಜಾಯಿತು, ತೋಳಿನಿಂದ ಒರೆಸಿದಳು, ಮತ್ತೆ ಮಂಜಾಯಿತು. ಹೊರಡುವಾಗ ಆ ಪಟ್ಟೆಯ ಕಾಲುಚೀಲಗಳನ್ನು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿದಳು. ಟ್ರ್ಯಾಕ್ಟರ್ ನಿಂತಲ್ಲಿಯವರೆಗೆ ನಾನೂ ಜೊತೆಗೆ ನಡೆದೆ; ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಸಿಟ್ಟೋ, ಉಸಿರು ಸಾಲದೋ, ನನಗೆ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಕುರ್ಚಿಯಲ್ಲಿ ಕೂತಂತೆಯೇ ಹೋದಳು. ಹಳೆಯ ದಮ್ಮು ಎಂದರು ಡಾಕ್ಟರು. ಭಾನುವಾರ ನಾನು ಹಗ್ಗ ಬಿಚ್ಚಿದೆ. ಒಳಗಿದ್ದವರು ಯಾರಿಗೂ ರೋಗ ಇರಲಿಲ್ಲ, ಆ ಹಡಗಿನಲ್ಲಿ ಬಂದ ಯಾರಿಗೂ ಇರಲಿಲ್ಲ. ಇರಬಹುದಿತ್ತಲ್ಲ, ನೀನು ಮಾಡಿದ್ದೇ ಸರಿ ಎಂದು ಊರವರೆಲ್ಲ ಹೇಳಿದರು. ಲೋರ್ನಾಳೂ ಹೇಳಿದಳು.

ನಾನು ಯಾವ ಮಹಾಮಾರಿಯನ್ನೂ ತಡೆದಿಲ್ಲ. ತಡೆದದ್ದು ಅಮ್ಮನೊಬ್ಬಳನ್ನು. ಹೇಳುವಾಗಲೆಲ್ಲ ಆ ರೋಗವನ್ನು ಇನ್ನಷ್ಟು ದೊಡ್ಡದು ಮಾಡಿ ಹೇಳುತ್ತೇನೆ. ಅದು ಬಂದೇ ಇರಲಿಲ್ಲ ಎಂದುಬಿಟ್ಟರೆ ಆ ಹಗ್ಗಕ್ಕೆ ಕಾರಣವೇ ಉಳಿಯುವುದಿಲ್ಲ.