ಮೂವತ್ತು ಡಾಲರಿನ ನಂಬಿಕೆ

ಎರಡು ದಿನ ಬಿಡದೆ ಮಳೆ ಹುಯ್ದರೆ ಯೊಲೆಟ್‌ಳ ಬಚ್ಚಲಲ್ಲಿ ನೀರು ಕೆಳಗೆ ಹೋಗುತ್ತಿರಲಿಲ್ಲ, ಮೇಲೆ ಬರುತ್ತಿತ್ತು. ಬರೀ ನೀರಾಗಿದ್ದರೆ ಅವಳು ಸುಮ್ಮನಿರುತ್ತಿದ್ದಳು. ಇಡೀ ಬೀದಿಯ ಕಕ್ಕಸು ನೆಂಟರ ಹಾಗೆ ಒಳಗೆ ಬಂದು ಕೂರುತ್ತಿತ್ತು. ಬ್ರೂಕ್ಲಿನ್ನಿನ ಆ ನೆಲಮಾಳಿಗೆಯಲ್ಲಿ ಅಕ್ಕಿ ಮೂಟೆ ನಾಲ್ಕು ಇಟ್ಟಿಗೆಯ ಮೇಲಿತ್ತು, ಮಂಚ ಎಂಟು ಇಟ್ಟಿಗೆಯ ಮೇಲೆ. ಮಂಚದ ಮೇಲೆ ಅವಳ ಚಿಕ್ಕಮ್ಮ ಮೆರ್ಸಿಲಿಯಾ. ಎಪ್ಪತ್ತೆರಡು ವರ್ಷ, ಮಂಡಿ ಹೋಗಿತ್ತು, ಎದೆಯಲ್ಲಿ ಗೊರಗೊರ ಸದ್ದು. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಇನ್ನೊಂದು ಚಳಿಗಾಲ ಈ ತೇವದಲ್ಲಿ ಮಲಗಿಸಿದರೆ ಆಕೆ ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಹಾಗಾಗಿ ಯೊಲೆಟ್ ಮನೆ ಹುಡುಕಿದಳು. ಎರಡು ಬೀದಿ ಆಚೆ ಲಿಫ್ಟ್ ಇರುವ ಕಟ್ಟಡ, ಎರಡನೇ ಮಹಡಿ, ಕಿಟಕಿಯಲ್ಲಿ ಬಿಸಿಲು. ಬಾಡಿಗೆ ಅವಳ ಕೈಗೆ ಎಟುಕುವಂಥದ್ದೇ. ದಿನಕ್ಕೆ ಹನ್ನೆರಡು ಗಂಟೆ ಒಬ್ಬ ಮುದುಕನನ್ನು ಎತ್ತಿ, ತೊಳೆದು, ಉಣಿಸುವ ಕೆಲಸ ಅವಳದು. ಹೈಟಿಯಿಂದ ಬಂದ ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಪ್ಪಿಸಿರಲಿಲ್ಲ. ಆದರೆ ನೆಲಮಾಳಿಗೆಯ ಮಾಲೀಕ ನಗದು ಎಣಿಸಿಕೊಳ್ಳುತ್ತಿದ್ದನೇ ಹೊರತು ರಸೀದಿ ಕೊಡುತ್ತಿರಲಿಲ್ಲ.

ಹೊಸ ಕಟ್ಟಡದ ಆಫೀಸಿನ ಕಿಟಕಿಯಲ್ಲಿ ಕೂತಿದ್ದಾಕೆ ಕಂಪ್ಯೂಟರ್ ನೋಡಿ, ನಿಮ್ಮ ಹೆಸರಿಗೆ ನಂಬರೇ ಇಲ್ಲ ಅಂದಳು. ಸಾಲ ತೀರಿಸುವವರಿಗೆ ಈ ದೇಶದಲ್ಲಿ ಒಂದು ನಂಬರು ಇರುತ್ತದಂತೆ. ಕನಿಷ್ಠ ಆರುನೂರಾ ಎಂಬತ್ತು ಇದ್ದರೆ ಮನೆ ಕೊಡುತ್ತಾರಂತೆ. ನಾನು ಜನ್ಮದಲ್ಲಿ ಸಾಲ ಮಾಡಿದವಳಲ್ಲ ಎಂದು ಯೊಲೆಟ್ ಹೆಮ್ಮೆಯಿಂದ ಹೇಳಿದಳು. ಅದೇ ನಿಮ್ಮ ತೊಂದರೆ ಎಂದು ಆಕೆ ಮುಂದಿನವರನ್ನು ಕರೆದಳು.

ಇದನ್ನು ಕೇಳಿ ಅವಳ ಊರಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆಂದರೆ ಯೊಲೆಟ್ ಚೀಟಿಯ ತಾಯಿ. ಹೈಟಿಯ ಜಾಕ್ಮೆಲ್ ಸಂತೆಯಲ್ಲಿ ಹನ್ನೆರಡು ವರ್ಷ ಚೀಟಿ ನಡೆಸಿದ್ದಳು, ಇಲ್ಲಿ ಬಂದ ಮೇಲೂ ನಡೆಸುತ್ತಿದ್ದಳು. ಹದಿನಾರು ಹೆಂಗಸರು ಭಾನುವಾರ ಚರ್ಚು ಮುಗಿಸಿ, ಟೊಪ್ಪಿಗೆ ತೆಗೆಯದೆ, ಅದೇ ಕೊಚ್ಚೆ ವಾಸನೆಯ ನೆಲಮಾಳಿಗೆಗೆ ಬಂದು ಅವಳ ಕೈಗೆ ದುಡ್ಡು ಹಾಕಿ ಹೋಗುತ್ತಿದ್ದರು. ಸಹಿಯಿಲ್ಲ, ಸಾಕ್ಷಿಯಿಲ್ಲ. ಸರದಿ ಬಂದವಳಿಗೆ ಇಡೀ ಗಂಟು.

ನಂಬರು ಬೇಕೆಂದರೆ ಕ್ರೆಡಿಟ್ ಕಾರ್ಡ್ ಮಾಡಿಸು ಎಂದು ಯಾರೋ ಹೇಳಿದರು. ಬ್ಯಾಂಕಿನಲ್ಲಿ ಫಾಬ್ರಿಸ್ ಇದ್ದ. ಹೈಟಿಯವರ ಮಗನೇ, ಹುಟ್ಟಿದ್ದು ಮಾತ್ರ ಬ್ರೂಕ್ಲಿನ್ನಿನಲ್ಲಿ. ಚರ್ಚಿನಲ್ಲಿ ಹಾಡುವವನು, ಕೊರಳಿಗೆ ಟೈ, ಮೈತುಂಬ ಸೆಂಟು. ಮೊದಲು ಮುನ್ನೂರು ಡಾಲರ್ ಬ್ಯಾಂಕಿನಲ್ಲಿ ಇಡಬೇಕು, ಆಮೇಲೆ ಮುನ್ನೂರರ ಕಾರ್ಡ್ ಕೊಡುತ್ತೇವೆ, ಅದಕ್ಕೆ ವರ್ಷಕ್ಕೆ ನಲವತ್ತು ಆಗುತ್ತದೆ ಎಂದು ವಿವರಿಸಿದ.

"ಆ ದುಡ್ಡು ಯಾರ್ದು?" ಎಂದು ಯೊಲೆಟ್ ಕೇಳಿದಳು.

"ನಿಮ್ದೇ, ಅಕ್ಕ."

"ಸಾಲ ಕೊಡೋರು?"

"ಬ್ಯಾಂಕು."

"ನನ್ ದುಡ್ಡನ್ನ ನಂಗೇ ಸಾಲ ಕೊಟ್ಟು, ಅದಕ್ಕೆ ವರ್ಷಕ್ಕೆ ನಲವತ್ತು ಡಾಲರ್ ನನ್ನಿಂದ್ಲೇ ಕೀಳ್ತೀರ?"

"ಅದು ಶುಲ್ಕ, ಅಕ್ಕ."

"ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿದೆ. ಚರ್ಚಿಗೆ ಹೋಗೋಳು ನಾನು, ಬಾಯಿ ಕೆಡಿಸ್ಕೊಳಲ್ಲ."

ಆದರೂ ದುಡ್ಡು ಕಟ್ಟಿದಳು. ಚಿಕ್ಕಮ್ಮನ ಕೆಮ್ಮು ಕಿವಿಯಲ್ಲಿತ್ತು.

ಚೀಟಿಯಲ್ಲಿ ಒಂದು ಮರ್ಯಾದೆ ಉಂಟು. ಸರದಿ ಬಂದಾಗ ಇಡೀ ಗಂಟನ್ನು ಎತ್ತಬೇಕು. ಅರ್ಧ ಎತ್ತಿ ಅರ್ಧ ಬಿಟ್ಟರೆ ಉಳಿದವರ ಮೇಲೆ ಅನುಮಾನ ಪಟ್ಟ ಹಾಗೆ. ಯೊಲೆಟ್ ಬ್ಯಾಂಕಿಗೂ ಆ ಮರ್ಯಾದೆ ತೋರಿಸಿದಳು. ಪ್ರತಿ ತಿಂಗಳು ಮುನ್ನೂರನ್ನೂ ಎತ್ತಿದಳು. ಅಕ್ಕಿ, ಎಣ್ಣೆ, ಉಪ್ಪುಮೀನು, ಚಿಕ್ಕಮ್ಮನ ಔಷಧಿ. ಗಡುವಿಗೆ ಒಂದು ದಿನ ಮೊದಲೇ ಪೂರ್ತಿ ಕಟ್ಟಿದಳು. ಆರು ತಿಂಗಳು ಹೀಗೇ ನಡೆಯಿತು. ಆಮೇಲೆ ಒಳ್ಳೆ ಟೊಪ್ಪಿಗೆ ಹಾಕಿಕೊಂಡು ಬಾಡಿಗೆ ಆಫೀಸಿಗೆ ಹೋದಳು.

ನಂಬರು ಐನೂರಾ ತೊಂಬತ್ತೇಳು. ಮನೆ ಇಲ್ಲ.

ಅವಳು ನೇರ ಬ್ಯಾಂಕಿಗೆ ನುಗ್ಗಿದಳು. ಫಾಬ್ರಿಸ್ ಪರದೆ ನೋಡಿ ತಲೆ ಕೆರೆದುಕೊಂಡ. ಪೂರ್ತಿ ಬಳಸಿದರೆ ಗತಿಗೆಟ್ಟವರು ಎಂದು ಕಂಪ್ಯೂಟರ್ ತಿಳಿಯುತ್ತದೆ, ಮುನ್ನೂರಿದ್ದರೆ ಮೂವತ್ತರ ಮೇಲೆ ಮುಟ್ಟಬಾರದು ಎಂದ. ಮೊದಲೇ ಯಾಕೆ ಬೊಗಳಲಿಲ್ಲ ಎಂದಿದ್ದಕ್ಕೆ, ಕಾಗದದ ಹದಿನಾಲ್ಕನೇ ಪುಟದಲ್ಲಿ ಇತ್ತಲ್ಲ ಎಂದ.

ಅವತ್ತು ಯೊಲೆಟ್ ಅತ್ತಳು. ಬಸ್ಸಿನಲ್ಲಿ, ಎಲ್ಲರ ಎದುರಿಗೇ ಅತ್ತಳು. ಕೊಟ್ಟ ಮಾತಿಗೆ ತಪ್ಪದೆ ಬದುಕಿದ್ದು ಈ ದೇಶದಲ್ಲಿ ಕಾಸಿಗೂ ಬಾರದಲ್ಲ ಎಂದು ಹೊಟ್ಟೆ ಉರಿಯಿತು. ಮನೆಗೆ ಬಂದರೆ ಚಿಕ್ಕಮ್ಮ, ನಾನು ಸತ್ತರೆ ಆ ಕಂಪ್ಯೂಟರನ್ನೇ ಪೆಟ್ಟಿಗೆ ಹೊರೋಕೆ ಕರೆ ಅಂದಳು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ, ಚೀಟಿಯ ಹೊಸ ಸುತ್ತು ಶುರುವಾಗುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಫಾಬ್ರಿಸ್. ಮಿರಿಮಿರಿ ಬೂಟು ಒದ್ದೆಯಾಗದ ಹಾಗೆ ತುದಿಗಾಲಲ್ಲಿ, ನೆಲಕ್ಕೆ ಸಾಲಾಗಿ ಹಾಕಿದ್ದ ಇಟ್ಟಿಗೆಯಿಂದ ಇಟ್ಟಿಗೆಗೆ ಹಾರುತ್ತ ಒಳಗೆ ಬಂದ. ಮುಂದಿನ ತಿಂಗಳು ಅವನ ಮದುವೆ. ಛತ್ರದವನು ನಗದೇ ಬೇಕು ಅಂತ ಪಟ್ಟು ಹಿಡಿದಿದ್ದ. ತನ್ನನ್ನೂ ಚೀಟಿಗೆ ಸೇರಿಸಿಕೊಂಡು ಮೊದಲ ಗಂಟು ತನಗೇ ಕೊಡಬೇಕೆಂದು ಬೇಡಿಕೊಂಡ.

"ನಿನ್ ನಂಬರ್ ಎಷ್ಟಪ್ಪಾ?" ಎಂದು ಮಂಚದ ಮೇಲಿಂದ ಚಿಕ್ಕಮ್ಮ ಕೇಳಿದಳು.

"ಏಳುನೂರಾ ನಲವತ್ತೆರಡು, ಅಜ್ಜಿ."

"ಸಾಲ?"

ಅವನು ಬೂಟು ನೋಡಿಕೊಂಡ. "ಹದಿನಾಲ್ಕು ಸಾವಿರ. ಆದ್ರೆ ಐದು ಕಾರ್ಡಿಂದ ಅರವತ್ತು ಸಾವಿರದವರ್ಗೂ ಕೊಡ್ತೀವಿ ಅಂದಿದಾರೆ. ಕಾಲು ಭಾಗಾನೂ ಮುಟ್ಟಿಲ್ಲ. ಜಾಸ್ತಿ ಮುಟ್ಟಿದ್ರೆ ನಂಬರ್ ಬೀಳುತ್ತೆ. ತಿಂಗ್ಳಿಗೆ ಒಂಚೂರು ಕಟ್ತಾ ಇದ್ರೆ ಸಾಕು, ಒಳ್ಳೆಯವ್ನು ಅಂತಾರೆ."

ಹೆಂಗಸರ ಟೊಪ್ಪಿಗೆಗಳೆಲ್ಲ ಅಲ್ಲಾಡಿದವು. ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಒಸಿಲಿಯಾ ನಗು ತಡೆಯಲಾರದೆ ಗೋಡೆಗೆ ತಿರುಗಿದಳು. ಯೊಲೆಟ್ ಮಾತ್ರ ನಗಲಿಲ್ಲ. ಬ್ಯಾಂಕಿನವರು ಕೂರುವ ಹಾಗೆ ಕೂತಳು, ಬೆರಳು ಹೆಣೆದುಕೊಂಡಳು.

"ನೋಡಪ್ಪಾ, ನಮ್ಮಲ್ಲಿ ನಿಂಗೆ ನಂಬರೇ ಇಲ್ಲ. ಹೊಸಬ್ರಿಗೆ ಕೊನೇ ಗಂಟು, ಅದು ನಿಯಮ. ಹದಿನಾಲ್ಕನೇ ಪುಟದಲ್ಲಿದೆ."

ಮತ್ತೆ ನಗೆ. ಫಾಬ್ರಿಸ್ ಬೆವರಿದ. ಆಮೇಲೆ ಹದಿನಾರು ಹೆಂಗಸರು ಮೂಲೆಯಲ್ಲಿ ತಲೆ ಕೂಡಿಸಿ ಪಿಸಪಿಸ ಮಾತಾಡಿದರು. ತೀರ್ಮಾನ ಯೊಲೆಟ್ ಹೇಳಿದಳು. ಮೊದಲ ಗಂಟು ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಅವನು ಬಾಡಿಗೆ ಆಫೀಸಿಗೆ ಬಂದು ಯೊಲೆಟ್‌ಗೆ ಜಾಮೀನು ಹಾಕಬೇಕು.

"ನೀವು ಬಾಡಿಗೆ ಕಟ್ದಿದ್ರೆ ನನ್ ತಲೆ ಮೇಲೆ ಬರುತ್ತಲ್ಲ ಅಕ್ಕ?"

ಯೊಲೆಟ್ ಎಣಿಸಿಟ್ಟ ಗಂಟನ್ನು ಅವನ ಮುಂದೆ ತಳ್ಳಿದಳು. ಅವನಿಗೇ ನಾಚಿಕೆಯಾಯಿತು. ಆಯ್ತು ಅಂದ.

ಬುಧವಾರ ಇಬ್ಬರೂ ಹೋದರು. ಕಿಟಕಿಯಾಕೆ ಫಾಬ್ರಿಸ್‌ನ ನಂಬರು ನೋಡಿದ್ದೇ ತಡ, ಮುಖ ಅರಳಿಸಿ ಅವನಿಗೆ ಕುರ್ಚಿ ಹಾಕಿಸಿದಳು. ಇಂಥವರು ಜೊತೆಗಿರುವಾಗ ನಿಮಗೇನು ಚಿಂತೆ ಎಂದು ಯೊಲೆಟ್‌ಗೆ ಹೇಳಿ ಬೀಗದಕೈ ಕೊಟ್ಟಳು. ಯೊಲೆಟ್ ಹಲ್ಲು ಕಚ್ಚಿಕೊಂಡು ತಗೊಂಡಳು. ಅವಳಿಂದ ದುಡ್ಡು ಎತ್ತಿದವನು ಅವಳಿಗೆ ಜಾಮೀನು, ಅವನನ್ನು ನಂಬಿದವಳು ನಂಬಿಕೆಗೆ ಅನರ್ಹಳು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಅಲ್ಲಿಂದ ಇಬ್ಬರೂ ಕೆಲಸಕ್ಕೆ ಹೊರಟಾಗ ರೈಲು ನಿಲ್ದಾಣದ ಗೇಟಿನಲ್ಲಿ ಫಾಬ್ರಿಸ್ ಜೇಬು ತಡವಿದ. ಗಂಟು ಭಾನುವಾರವೇ ಛತ್ರದವನ ಪಾಲಾಗಿತ್ತು, ಸಂಬಳ ಶುಕ್ರವಾರ, ತನ್ನ ಕಾರ್ಡು ಮುಟ್ಟಲು ನಂಬರು ಬೀಳುವ ಭಯ. ಯೊಲೆಟ್ ತನ್ನ ಮುನ್ನೂರರ ಕಾರ್ಡನ್ನೇ ಗೇಟಿಗೆ ಎರಡು ಸಲ ಒತ್ತಿ ಇಬ್ಬರನ್ನೂ ಒಳಗೆ ಬಿಟ್ಟಳು.

"ಮೂವತ್ತರೊಳಗೇ ಇದೆ," ಅಂದಳು. "ಹೆದರ್ಬೇಡ."

ಮುಂದಿನ ಚೀಟಿ ಎರಡನೇ ಮಹಡಿಯಲ್ಲಿ ಕೂಡಿತು. ನೆಲ ಒಣಗಿತ್ತು. ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಚಿಕ್ಕಮ್ಮ, ಚೀಟಿ ಪುಸ್ತಕದ ಕೊನೇ ಹಾಳೆ ತಿರುಗಿಸಲು ಹೇಳಿದಳು. ನಾವೂ ನಂಬರು ಕೊಡೋಣ ಅಂದಳು. ಮೊದಲು ಬ್ಯಾಂಕಿನ ಹೆಸರು ಬರೆದರು, ಮುಂದೆ ಸೊನ್ನೆ. ನೆಲಮಾಳಿಗೆಯ ಮಾಲೀಕನಿಗೆ ಸೊನ್ನೆ. ಬಾಡಿಗೆ ಆಫೀಸಿಗೂ ಸೊನ್ನೆ. ಅಷ್ಟರಲ್ಲಿ ಫಾಬ್ರಿಸ್ ಏದುಸಿರು ಬಿಡುತ್ತ ಕಂತು ಹಿಡಿದು ಬಂದ. ಹತ್ತು ನಿಮಿಷ ತಡ.

"ಇವ್ನಿಗೆ ಎಷ್ಟು ಬರೀಲಿ?" ಎಂದು ಯೊಲೆಟ್ ಕೇಳಿದಳು.

ಚಿಕ್ಕಮ್ಮ ಅವನನ್ನು ಟೈಯಿಂದ ಬೂಟಿನವರೆಗೆ ನೋಡಿದಳು.

"ಮೂವತ್ತು ಬರಿ. ಅದರ ಮೇಲೆ ಮುಟ್ಟೋದು ಬೇಡ."