ಹುಣ್ಣಿಮೆಗೆ ಬಿಟ್ಟ ನೀರು

೨೦೧೧ರ ಕಾರ್ತಿಕ ಹುಣ್ಣಿಮೆ ಕಳೆದ ಮೂರನೆಯ ದಿನ ಮಧ್ಯಾಹ್ನ, ನನ್ನ ಹೆಂಡತಿ ಉಮಾವತಿ ತೀರಿಕೊಂಡಳೆಂದು ಸೊಸೆ ಶ್ರದ್ಧಾ ಆಸ್ಪತ್ರೆಯಿಂದ ಬಂದು ಹೇಳಿದಳು. ನಾನು ಕಲ್ಯಾಣದ ನಮ್ಮ ಮನೆಯಲ್ಲಿ ಅವಳಿಗೆಂದು ಗಂಜಿ ಮಾಡುತ್ತಿದ್ದೆ. ವಾಂತಿಭೇದಿ ತಾನೆ, ನಿಂತೀತು ಎಂದುಕೊಂಡಿದ್ದೆ. ಯಾವ ನೀರು ಕುಡಿದಿದ್ದರು ಎಂದು ವೈದ್ಯರು ಕೇಳಿದರಂತೆ. ಕುಡಿಸಿದವನು ನಾನು.

ಉಡುಪಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ನಮ್ಮ ಭಜನಾ ಮಂಡಳಿಗೆ ಕಾರ್ತಿಕ ಹುಣ್ಣಿಮೆಯ ನದೀಸ್ನಾನ ಮೂವತ್ತು ವರ್ಷಗಳ ಪದ್ಧತಿ. ನದಿಯ ಮೇಲ್ಗಡೆ ವಿದ್ಯುತ್ತಿನ ಅಣೆಕಟ್ಟಿದೆ. ಕರೆಂಟು ಬೇಕಾದಾಗ ನೀರು ಬಿಡುತ್ತಾರೆ, ಬೇಡವಾದಾಗ ಮುಚ್ಚುತ್ತಾರೆ. ಮಳೆ ನಿಂತ ಮೇಲೆ ನಮ್ಮ ಘಾಟಿನ ಎದುರು ನದಿಯೇ ಇರುವುದಿಲ್ಲ. ಮೇಲೆಲ್ಲ ಹಬ್ಬಿದ ಅಂತರಗಂಗೆಯ ಕಳೆ, ಅದರಡಿಯಲ್ಲಿ ಗಟಾರದ ಕಪ್ಪು ರೊಚ್ಚೆ, ಹೊಟ್ಟೆಯುಬ್ಬಿದ ಮೀನು, ಪ್ಲಾಸ್ಟಿಕ್ ಚೀಲದೊಳಗೆ ಕೊಳೆತ ನಮ್ಮದೇ ಪೂಜೆಯ ಹೂವು. ವಾಸನೆಗೆ ನಾಯಿಯೂ ಬಾಯಿಡುತ್ತಿರಲಿಲ್ಲ. ಆದ್ದರಿಂದ ಹುಣ್ಣಿಮೆಯ ಬೆಳಿಗ್ಗೆ ಎರಡು ತಾಸು ನೀರು ಬಿಡಬೇಕೆಂದು ಮಂಡಳಿ ಪ್ರತಿವರ್ಷ ಅಣೆಕಟ್ಟಿನ ಕಚೇರಿಗೆ ಅರ್ಜಿ ಕೊಡುತ್ತಿತ್ತು. ಅವರೂ ಬಿಡುತ್ತಿದ್ದರು. ಹರಿದು ಬರುವ ಮೊದಲ ನೀರೇ ಗಂಗೆಯೆಂದು ನಂಬಿ ಅದನ್ನೇ ಮೂರು ಗುಟುಕು ಕುಡಿಯುತ್ತಿದ್ದೆವು. ಅರ್ಜಿ ಬರೆಯುತ್ತಿದ್ದವನು ನಾನು. ಅದು ಪುಣ್ಯದ ಕೆಲಸವೆಂದು ಬಗೆದಿದ್ದೆ.

ಈ ಸಲದ ಹುಣ್ಣಿಮೆಯ ಬೆಳಿಗ್ಗೆ ಹೊರಡುವಾಗ ಶ್ರದ್ಧಾ ತಡೆದಳು. ಅವಳು ಡೊಂಬಿವಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ.

"ಮಾವ, ಸುನಿಯೇ ನಾ, ಸ್ವಲ್ಪ ಕೇಳಿ. ತಿಂಗಳಿಡೀ ನಿಂತ ಗಂದಾ ಪಾನಿ, ಕೊಳಕು ನೀರು ಅದು. ಮೇಲಿಂದ ಒಮ್ಮೆಲೇ ಬಿಟ್ರೆ ತಳದ ಗಂದಗಿ ಎಲ್ಲ ಎದ್ದು ಮೊದಲು ಬರ್ತದೆ. ರೋಜ್, ದಿನಾ ಸ್ವಲ್ಪ ಸ್ವಲ್ಪ ಬಿಟ್ರೆ ನದಿ ಜೀವಂತ ಇರ್ತದೆ. ಕೇಳುವುದಾದರೆ ಅದನ್ನು ಕೇಳಿ."

ಕರೆಯಲು ಬಂದಿದ್ದ ಮಂಡಳಿಯ ಅಧ್ಯಕ್ಷ, ಹೋಟೆಲು ನಡೆಸುವ ವಸಂತಕುಮಾರ, ಬಾಗಿಲಲ್ಲೇ ನಕ್ಕರು. "ಎಂತ ಮಾರಾಯ್ತಿ, ಗಂಗೆಗೂ ಪರೀಕ್ಷೆ ಇಡ್ತೀಯಾ? ಫೇಲ್ ಮಾಡ್ಬೇಡ ಆಯ್ತಾ!"

ಉಮಾವತಿ ನನ್ನನ್ನು ನೋಡಿದಳು. "ಈ ಸಲ ಮಿಂದು ಬರುವ. ಕುಡಿಯುವುದು ಬೇಡ, ಅಲ್ವಾ?"

"ಆಚಮನ ಇಲ್ಲದ ಸ್ನಾನ ಎಂತದ್ದು? ಸುಮ್ಮನೆ ಬಾ" ಎಂದು ಗದರಿದೆ.

ಆರೂವರೆಗೆ ನೀರು ಬಂತು. ಶಂಖ ಊದಿದರು. ಮೊದಲು ಬಂದದ್ದು ಎಣ್ಣೆಯಂತೆ ಹೊಳೆಯುವ ಕರಿನೊರೆ, ಅದರ ಮೇಲೆ ಸತ್ತ ಹೆಗ್ಗಣ. ಹೆಗ್ಗಣವನ್ನು ನಾನೇ ಕೈಯಿಂದ ಆಚೆ ನೂಕಿದೆ. ಅದೇ ಕೈಯಿಂದ ಉಮಾವತಿಯ ಬೊಗಸೆಗೆ ನೀರು ತುಂಬಿದೆ. ಅವಳು ಉಸಿರು ಬಿಗಿಹಿಡಿದು ಮೂರು ಸಲ ನುಂಗಿದಳು. ಎರಡನೆಯ ಗುಟುಕಿಗೆ ಓಕರಿಕೆ ಬಂತು. ದೇವರ ನೀರನ್ನು ಉಗುಳಬೇಡವೆಂದೆ. ಅವಳು ಉಗುಳಲಿಲ್ಲ. ನಾನೂ ಕುಡಿದೆ. ನನಗೆ ಎರಡು ದಿನ ಹೊಟ್ಟೆನೋವು, ಅಷ್ಟೇ. ತಿಳಿನೀರು ಬಂದದ್ದು ಒಂದು ತಾಸಿನ ಮೇಲೆ. ಆಗ ನಾವೆಲ್ಲ ಮೆಟ್ಟಿಲ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದೆವು.

ಕ್ರಿಯೆಗಳೆಲ್ಲ ಮುಗಿದ ಮರುದಿನ ವಸಂತಕುಮಾರ ಬಂದರು.

"ಅತ್ತಿಗೆಯ ಆಯುಷ್ಯ ಅಷ್ಟೇ ಇತ್ತು ಅಣ್ಣ. ಎಂತ ಮಾಡುವುದು? ಸಂಕ್ರಾಂತಿಗೆ ಮೂರು ತಾಸು ಕೇಳುವ ಅಂತ ಉಂಟು. ನಿಮ್ಮ ಅಕ್ಷರ ಚಂದ. ನೀವೇ ಬರೆಯಿರಿ."

ಅವರ ಎದುರಿಗೇ ಬರೆದೆ. ಹಬ್ಬಕ್ಕೆಂದು ನೀರು ಬೇಡ. ವರ್ಷದ ಎಲ್ಲ ದಿನ, ಹಗಲೂ ಇರುಳೂ, ಮೀನು ಬದುಕುವಷ್ಟು, ಕೊಳೆ ತಂಗದಷ್ಟು ನೀರನ್ನು ಅಣೆಕಟ್ಟಿನಿಂದ ಬಿಡಬೇಕು. ಅಲ್ಲಿಯವರೆಗೆ ನಾನು ಈ ನದಿಗೆ ಇಳಿಯುವುದಿಲ್ಲ, ಇಳಿಯುವವರನ್ನು ತಡೆಯುತ್ತೇನೆ.

ಓದಿ ಅವರು ಮುಖ ಸಿಂಡರಿಸಿದರು. "ಇದೆಂತ ಅಣ್ಣ? ಹೀಗೆ ಬರೆದ್ರೆ ಇದ್ದ ಎರಡು ತಾಸೂ ಹೋಯ್ತು!"

"ಹೋಗಲಿ. ಆ ಎರಡು ತಾಸಿಗೆ ಕೈಮುಗಿದೇ ನಾವು ವರ್ಷವಿಡೀ ಬಾಯಿ ಮುಚ್ಚಿಕೊಂಡದ್ದು."

"ಧರ್ಮ ಬಿಟ್ಟಿರಾ?"

"ಹೊಲಸು ಬಿಟ್ಟೆ."

ಅವರು ಸಹಿ ಹಾಕದೆ ಎದ್ದುಹೋದರು. ಶ್ರದ್ಧಾ ನನ್ನ ಹೆಸರಿನ ಕೆಳಗೆ ಸಹಿ ಮಾಡಿದಳು. ಉಳಿದ ಸಾಲುಗಳು ಖಾಲಿ ಇವೆ. ಇದನ್ನು ಓದುವ ಹಿರಿಯರೇ, ನಿಮ್ಮ ಮನೆಯ ಹೆಂಗಸು ಓಕರಿಸಿದಾಗ ದೇವರ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸಬೇಡಿ.

ಭಗವಂತಾ, ಅವಳಿಗೆ ಹೇಸಿಗೆಯಾಗಿತ್ತು. ಆದರೂ ನಾನು ಹೇಳಿದೆನೆಂದು ನುಂಗಿದಳು. ನಿನ್ನ ಬಳಿಯಲ್ಲಾದರೂ ಅವಳಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಲಿ. ಅವಳ ಆತ್ಮಕ್ಕೆ ಶಾಂತಿಯನ್ನು ಕೊಡು.