ಬೆರಳಿನ ಮೊದಲ ಗೆಣ್ಣು

ಲುಕಾರ್ಡಿಸ್ ಮತ್ತು ನಾನು ಒಂದೇ ಎದೆಯ ಹಾಲು ಕುಡಿದವರು. ಹಾಲು ನನ್ನ ತಾಯಿಯದು, ಕೋಟೆ ಅವಳ ತಂದೆಯದು. ಎಂಟನೇ ವಯಸ್ಸಿಗೆ ಅವಳನ್ನು ವೆರ್ರಾ ನದಿಯಾಚೆಯ ಆಲ್ಟೆನ್‌ಫೆಲ್ಸ್ ಮನೆತನಕ್ಕೆ ಸೊಸೆಯಾಗಿ ಕಳಿಸಿದಾಗ ದೋಣಿಯಲ್ಲಿ ಅವಳ ಜೊತೆ ಎರಡು ಪೆಟ್ಟಿಗೆ, ಒಂದು ಕಂದು ಕುದುರೆ ಮತ್ತು ಗೇಪಾ ಎಂಬ ನಾನು ಹೋದೆವು. ಅವಳು ಅಳಲಿಲ್ಲ. ಅತ್ತವಳು ನಾನು.

ಅತ್ತೆಯೇ ಅವಳನ್ನು ಸಾಕಿ ಬೆಳೆಸಿದರು. ಗಂಡನಾಗಬೇಕಿದ್ದ ಫೋಲ್ರಾಡನಿಗೆ ಆಗ ಹನ್ನೊಂದು ವರ್ಷ. ಮೂಗು ಸುರಿಸಿಕೊಂಡು ಗಿಡುಗನ ಹಿಂದೆ ಓಡುತ್ತಿದ್ದ ಹುಡುಗ. ಎದುರಿಗೆ ಅವನನ್ನು ದೊರೆ ಎಂದು ಕರೆದರೂ ನನ್ನ ಮನಸ್ಸಿನಲ್ಲಿ ಅವನು ಇವತ್ತಿಗೂ ಫೋಲ್ರಾಡನೇ. ಅವಳಿಗೆ ಹದಿನೈದು ತುಂಬಿದಾಗ ಮದುವೆಯಾಯಿತು. ಜಗಳವಾಡುತ್ತಿದ್ದರು, ನಗುತ್ತಿದ್ದರು, ಒಂದೇ ಬಟ್ಟಲಿನಲ್ಲಿ ಬಿಯರ್ ಕುಡಿಯುತ್ತಿದ್ದರು. ನಾಲ್ಕು ಮಕ್ಕಳು ಹುಟ್ಟಿದವು, ಎರಡು ಉಳಿದವು. ದೊಡ್ಡವಳು ಯುಟ್ಟಾ, ಚಿಕ್ಕವಳು ಬೆರ್ತಾ. ಗಂಡು ಎರಡೂ ಉಳಿಯಲಿಲ್ಲ. ಅದನ್ನು ಫೋಲ್ರಾಡ್ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನ ಚಿಕ್ಕಪ್ಪ ಎಕ್ಬರ್ಟ್ ಹೇಳುತ್ತಿದ್ದ. ಬಿಷಪ್ಪರ ಪಟ್ಟಣದಲ್ಲಿ ಪಾದ್ರಿಯಾಗಿದ್ದ ಅವನು ಹಬ್ಬಹುಣ್ಣಿಮೆಗೆ ಬಂದಾಗಲೆಲ್ಲ ಆ ಮಾತು ಎತ್ತದೆ ಊಟ ಮುಗಿಸುತ್ತಿರಲಿಲ್ಲ.

ಆ ವರ್ಷ ಚಳಿಯ ಮೊದಲಿಗೆ ಬರುವ ಸಂತ ಮಾರ್ಟಿನ್ನರ ಹಬ್ಬಕ್ಕೂ ಬಂದಿದ್ದ. ಹೆಬ್ಬಾತು ಬೆಂದಿತ್ತು, ಹೊಟ್ಟೆಯೊಳಗೆ ಸೇಬು ತುಂಬಿತ್ತು. ಮಕ್ಕಳು ಕಥೆ ಬೇಕೆಂದರು. ಲುಕಾರ್ಡಿಸ್ ತನಗೆ ಓಡಾ ಅಜ್ಜಿ ಹೇಳಿದ್ದ ಕಥೆಯನ್ನೇ ಹೇಳಿದಳು. ಓಡಾ ಎಂದರೆ ಅವಳ ತಾತನ ತಂಗಿ. ಆರು ವರ್ಷಕ್ಕೆ ಲಿಂಡೆನ್‌ಬಾಖ್ ಕನ್ಯಾಮಠಕ್ಕೆ ಕೊಟ್ಟ ಮುದುಕಿ. ಕಥೆ ಇಷ್ಟೇ: ಬಹಳ ಹಿಂದೆ ಇಮ್ಮಾ, ಹಿಲ್ಡಾ ಅಂತ ಇಬ್ಬರು ಅಕ್ಕತಂಗಿಯರು. ಹಿಲ್ಡಾಳನ್ನು ನದಿಯಾಚೆಗೆ ಕೊಟ್ಟರು. ಬಟ್ಟೆ ಒಗೆಯುವ ದಿನ ಇಬ್ಬರೂ ತಮ್ಮ ತಮ್ಮ ದಡದಲ್ಲಿ ನಿಂತು ಒದ್ದೆ ದುಪ್ಪಟಿ ಬೀಸುತ್ತಿದ್ದರು. ಕೂಗಿದರೆ ಕೇಳದಷ್ಟು ಅಗಲವಿತ್ತು ನೀರು.

"ಆಚೆ ದಡ ಅಂದ್ರೆ ಯಾವ ಕೋಟೆ ಅಮ್ಮ?" ಎಂದಳು ಯುಟ್ಟಾ.

"ಇದೇ ಕಣೇ. ನೀನು ಕೂತಿರೋ ಈ ಕೋಟೆನೇ," ಎಂದು ಲುಕಾರ್ಡಿಸ್ ಹೆಮ್ಮೆಯಿಂದ ಮೇಜು ತಟ್ಟಿದಳು. "ಇಮ್ಮಾ ನಮ್ಮ ಓಡಾ ಅಜ್ಜಿಗೆ ಅಜ್ಜಿ. ನಮ್ಮ ಮನೆ ಹುಡುಗಿ ಇಲ್ಲಿಗೆ ಬಂದಿದ್ದು ನಾನೇ ಮೊದಲಲ್ಲ."

ಎಕ್ಬರ್ಟ್ ಕೈಯಲ್ಲಿದ್ದ ತೊಡೆಯ ತುಂಡನ್ನು ತಟ್ಟೆಗಿಟ್ಟ. "ಹಿಲ್ಡಾ ಅಂದ್ಯಾ ತಾಯಿ? ನನ್ನ ಮುತ್ತಜ್ಜಿ ಹೆಸರೂ ಹಿಲ್ಡಾ. ಎಲ್ಲಿಂದ ಬಂದೋಳು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ." ಎಷ್ಟು ಮೆತ್ತಗೆ ಕೇಳಿದನೆಂದರೆ, ಅವನು ಕಥೆಗೆ ಮನಸೋತಿದ್ದಾನೆಂದೇ ನಾವು ತಿಳಿದೆವು. ಲುಕಾರ್ಡಿಸ್ ಅವನಿಗೆ ಇನ್ನಷ್ಟು ಹೇಳಿದಳು.

ಮೂರು ತಿಂಗಳಿಗೆ ಬಿಷಪ್ಪರ ಪಟ್ಟಣದಿಂದ ಕರೆ ಬಂತು. ಗಂಡಹೆಂಡತಿ ಒಂದೇ ರಕ್ತದವರೆಂದು ಎಕ್ಬರ್ಟ್ ದೂರು ಕೊಟ್ಟಿದ್ದ. ಚರ್ಚಿನ ಕಟ್ಟಳೆಯಂತೆ ಏಳು ತಲೆಮಾರಿನೊಳಗಿನ ನೆಂಟರು ಮದುವೆಯಾಗುವಂತಿರಲಿಲ್ಲ. ಹೆಸರುಗಳನ್ನು ಅವನು ಎಲ್ಲೆಲ್ಲಿಂದಲೋ ಹುಡುಕಿ ತಂದಿದ್ದ. ಆದರೆ ಇಮ್ಮಾ, ಹಿಲ್ಡಾ ಒಡಹುಟ್ಟಿದವರೆಂದು ಆಣೆಯಿಟ್ಟು ಹೇಳಬಲ್ಲವರು ಬದುಕಿದ್ದದ್ದು ಒಬ್ಬರೇ.

ನಾವು ಲಿಂಡೆನ್‌ಬಾಖ್‌ಗೆ ಹೋದೆವು. ಓಡಾ ಅಜ್ಜಿ ಬಿಸಿಲಿಗೆ ಕೂತು ಬಟಾಣಿ ಆರಿಸುತ್ತಿದ್ದರು. ಲುಕಾರ್ಡಿಸ್ ಅವರ ಕಾಲ ಬಳಿ ಕುಳಿತಳು.

"ಅಜ್ಜಿ, ನೆನಪಿಲ್ಲ ಅಂದ್ಬಿಡಿ. ಎಂಬತ್ತು ವರ್ಷ ಆಯ್ತು ನಿಮಗೆ. ಯಾರೂ ತಪ್ಪು ತಿಳ್ಕೊಳಲ್ಲ."

"ಫೋಲ್ರಾಡ್ ಏನಂತಾನೆ?"

"ಏನೂ ಅನ್ನಲ್ಲ."

"ಹಂಗಾದ್ರೆ ಅವನು ಹೂಂ ಅಂದಂಗೇ ಆಯ್ತಲ್ಲ," ಎಂದರು ಅಜ್ಜಿ. ಮತ್ತೆ ಬಟಾಣಿ ಆರಿಸತೊಡಗಿದರು.

ವಿಚಾರಣೆಯ ದಿನ ಅವರನ್ನು ಗಾಡಿಯಲ್ಲಿ ಕರೆತಂದು ದೊಡ್ಡ ಚರ್ಚಿನ ಕಲ್ಲುಕಂಬದ ಬಳಿ ಕೂರಿಸಿದರು. ಸಂತರ ಎಲುಬಿಟ್ಟ ಪೆಟ್ಟಿಗೆಯ ಮೇಲೆ ಅವರು ಕೈಯಿಟ್ಟರು. ಲುಕಾರ್ಡಿಸ್ ನನ್ನ ಮೊಣಕೈ ಹಿಡಿದಿದ್ದಳು. ಹಿಡಿತದ ಗುರುತು ಎರಡು ದಿನ ಇತ್ತು.

"ಅವರಿಬ್ರೂ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು," ಎಂದರು ಓಡಾ ಅಜ್ಜಿ. "ನನಗೆ ನಮ್ಮಜ್ಜಿ ಇಮ್ಮಾನೇ ಹೇಳಿದ್ದು. ಅವಳ ತೊಡೆ ಮೇಲೆ ಕೂತು ಕೇಳಿದೀನಿ."

ಆಗ ಒಬ್ಬ ಗುಮಾಸ್ತ ಎದ್ದು ನಿಂತು ನೆಂಟಸ್ತನವನ್ನು ತನ್ನ ಮೈಮೇಲೇ ಎಣಿಸಿ ತೋರಿಸಿದ. ತಲೆ, ತಂದೆತಾಯಿ. ಕುತ್ತಿಗೆ, ಅಕ್ಕತಂಗಿ ಇಬ್ಬರು, ಅದು ಮೊದಲ ತಲೆಮಾರು. ಅಲ್ಲಿಂದ ಎಡಗೈ ಇಮ್ಮಾಳ ಕಡೆ, ಬಲಗೈ ಹಿಲ್ಡಾಳ ಕಡೆ. ಹೆಗಲಿಗೆ ಅವರ ಮಕ್ಕಳು, ಮೊಣಕೈಗೆ ಮೊಮ್ಮಕ್ಕಳು, ಮಣಿಕಟ್ಟಿಗೆ ಮರಿಮಕ್ಕಳು. ಮಣಿಕಟ್ಟು ದಾಟಿ ನಡುಬೆರಳಿನ ಮೊದಲ ಗೆಣ್ಣಿಗೆ ಬಂದಾಗ ಎಡಗಡೆ ಲುಕಾರ್ಡಿಸ್, ಬಲಗಡೆ ಫೋಲ್ರಾಡ್. ನಿಷೇಧ ಅದೇ ಬೆರಳಿನ ಕೊನೆಯ ಗೆಣ್ಣಿನವರೆಗೂ ಇತ್ತು.

ಹದಿಮೂರು ವರ್ಷದ ಸಂಸಾರ ಅಂದಿಗೆ ಮುಗಿಯಿತು. ತಿಳಿಯದೆ ಆದ ಮದುವೆಯಾದ್ದರಿಂದ ಮಕ್ಕಳ ಹುಟ್ಟಿಗೆ ಕಳಂಕವಿಲ್ಲ, ಅವರು ತಂದೆಯ ಮನೆಯಲ್ಲೇ ಇರಲಿ ಎಂದರು. ಬೆರ್ತಾಗೆ ಆಗಿನ್ನೂ ನಾಲ್ಕು ವರ್ಷ. ಫೋಲ್ರಾಡ್ ನೆಲ ನೋಡುತ್ತ ನಿಂತಿದ್ದ. ಏನಾದರೂ ಹೇಳುವುದಿದೆಯೇ ಎಂದು ಅವನನ್ನು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲವೆಂದು ತಲೆ ಅಲ್ಲಾಡಿಸಿದ.

ಲುಕಾರ್ಡಿಸ್‌ಗೆ ತವರಿಗೆ ಹೋಗಲು ಮನಸ್ಸಾಗಲಿಲ್ಲ. ಅಣ್ಣ ಜೆರುಸಲೇಮಿನ ಯಾತ್ರೆಗೆ ಹೋದವನು ಮರಳಿರಲಿಲ್ಲ. ಅತ್ತಿಗೆಯ ಓಲೆಯಲ್ಲಿ "ಬಾ" ಎಂಬ ಮಾತೊಂದನ್ನು ಬಿಟ್ಟು ಎಲ್ಲ ಉಪಚಾರವೂ ಇತ್ತು. ಉಳಿದ ಬಾಗಿಲು ಲಿಂಡೆನ್‌ಬಾಖ್ ಮಠದ್ದೊಂದೇ. ಹೀಗೆ, ತನ್ನ ಸಂಸಾರ ಮುರಿದ ಮುದುಕಿ ಇದ್ದಲ್ಲಿಗೇ ಬಂದು ಸೇರಿದಳು. ಸನ್ಯಾಸ ತೆಗೆದುಕೊಳ್ಳಲಿಲ್ಲ. ಅತಿಥಿಗಳ ಮನೆಯಲ್ಲಿ ನಾವಿಬ್ಬರೂ ಉಳಿದೆವು, ನೂಲು ತೆಗೆದೆವು, ಬಾರ್ಲಿ ಗಂಜಿ ಕುಡಿದೆವು. ಏಳು ತಿಂಗಳು ಅವಳು ಓಡಾ ಅಜ್ಜಿಯ ಮುಖ ನೋಡಲಿಲ್ಲ. ಅಜ್ಜಿ ಹಿತ್ತಲಿಗೆ ಬಂದರೆ ಇವಳು ಒಳಗೆ ಹೋಗುತ್ತಿದ್ದಳು.

ಚಳಿ ಬಿದ್ದಾಗ ಅಜ್ಜಿ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಮಠದಲ್ಲಿ ಗಟ್ಟಿಮುಟ್ಟಾದ ತೋಳು ಇದ್ದದ್ದು ನಮ್ಮಿಬ್ಬರದೇ. ಮೊದಲ ವಾರ ನಾನೊಬ್ಬಳೇ ಎತ್ತಿದೆ, ಒರೆಸಿದೆ. ಎರಡನೇ ವಾರ ನನ್ನ ಬೆನ್ನು ಹಿಡಿದುಕೊಂಡಿತು. ಲುಕಾರ್ಡಿಸ್ ಮಾತಿಲ್ಲದೆ ಬಂದು ಅಜ್ಜಿಯ ಬೆನ್ನಡಿಗೆ ಕೈ ಹಾಕಿದಳು.

ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ, ತಲೆ ಬಾಚುತ್ತಿದ್ದಾಗ, ಇವಳ ಕೈ ನಿಂತಿತು.

"ಒಂದು ಮಾತು, ಅಜ್ಜಿ. ಒಂದೇ ಒಂದು ಮಾತು ಸುಳ್ಳು ಹೇಳಿದ್ರೆ ಏನಾಗ್ತಿತ್ತು? ನರಕಕ್ಕೆ ಹೆದರಿದ್ರಾ?"

"ನರಕಾನಾ?" ಅಜ್ಜಿ ಕೆಮ್ಮಿಕೊಂಡು ನಕ್ಕರು. "ಈ ಮಠದ ಗಂಜಿ ಎಪ್ಪತ್ನಾಲ್ಕು ವರ್ಷ ಕುಡಿದೋಳು ನಾನು. ನರಕದವರು ಇನ್ನೇನು ಬಡಿಸ್ತಾರೆ ನನಗೆ?"

ಲುಕಾರ್ಡಿಸ್ ನಗಲಿಲ್ಲ.

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು. "ಆರು ವರ್ಷಕ್ಕೆ ನನ್ನ ಇಲ್ಲಿ ಬಿಟ್ಟು ಹೋದ್ರು ಮಗಳೇ. ಅಪ್ಪನ ಮುಖ ಮರೆತೋಯ್ತು. ಅಮ್ಮಂದೂ ಮರೆತೋಯ್ತು. ನನಗೆ ಗಂಡ ಇಲ್ಲ, ಮಕ್ಕಳಿಲ್ಲ. ಮನೆ ಅಂತ ನನ್ನ ಹತ್ರ ಉಳಿದಿದ್ದು ನಮ್ಮಜ್ಜಿ ಹೇಳಿದ ಆ ನಾಲ್ಕು ಮಾತು. ಪೆಟ್ಟಿಗೆ ಮೇಲೆ ಕೈ ಇಟ್ಟಾಗ ನೆನಪಿಲ್ಲ ಅನ್ನೋಕೆ ಬಾಯಿ ತೆಗೆದೆ. ನಿನ್ನಾಣೆಗೂ ತೆಗೆದೆ. ಇಮ್ಮಾ ಯಾರೋ ಗೊತ್ತಿಲ್ಲ ಅಂದ್ಬಿಟ್ರೆ ಮತ್ತೆ ನಾನು ಯಾರು? ಯಾರ ಮನೆಯೋಳು?" ಉಸಿರು ತೆಗೆದುಕೊಂಡರು. "ನಿನ್ನ ಮನೆ ಮುರಿದೆ, ಗೊತ್ತು. ನನ್ನದು ಉಳಿಸ್ಕೊಂಡೆ. ನೀನು ಕ್ಷಮಿಸು ಅಂತ ನಾನು ಕೇಳಲ್ಲ."

ಲುಕಾರ್ಡಿಸ್ ಬಾಚಣಿಗೆ ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಸಂಜೆಗೆ ತಾನೇ ಬಂದು ಜಡೆ ಹೆಣೆದು ಮುಗಿಸಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆದರೆ ಅಜ್ಜಿಗೆ ನೆನಪಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡಳು. ಮುಂದಿನ ವರ್ಷ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಅಜ್ಜಿ ಇವಳ ತೋಳಿನ ಮೇಲೇ ಪ್ರಾಣ ಬಿಟ್ಟರು.

ಅದಾದ ಆರು ತಿಂಗಳಿಗೆ ಮಠದ ಪಾದ್ರಿ ಬಿಷಪ್ಪರ ಸಭೆಯಿಂದ ಬಂದವರು ಸುದ್ದಿ ತಂದರು. ರೋಮಿನಲ್ಲಿ ದೊಡ್ಡ ಸಭೆ ಸೇರಿ ಕಟ್ಟಳೆ ಬದಲಿಸಿದೆಯಂತೆ. ಏಳು ತಲೆಮಾರು ಹೆಚ್ಚಾಯಿತು. ಇನ್ನು ನಾಲ್ಕೇ ಸಾಕಂತೆ. ಪಾದ್ರಿ ತಮ್ಮ ಮಣಿಕಟ್ಟು ಮುಟ್ಟಿಕೊಂಡು, "ಇನ್ಮೇಲೆ ಇಲ್ಲಿಗೆ ನಿಂತುಬಿಡ್ತು ನೋಡಿ," ಎಂದರು.

ಊಟದ ಮನೆಯಲ್ಲಿ ಎಲ್ಲರೂ ಲುಕಾರ್ಡಿಸ್‌ಳನ್ನು ನೋಡಿದರು. ಅವಳು ತನ್ನ ನಡುಬೆರಳನ್ನೇ ನೋಡುತ್ತ ಕುಳಿತಳು. ನಾನು ಹಾಲೆಲೂಯ ಎಂದು ಕೂಗಬೇಕೆಂದಿದ್ದೆ, ಅವಳ ಮುಖ ಕಂಡು ಸುಮ್ಮನಾದೆ.

"ಹೋದ ವರ್ಷ ಪಾಪ, ಈ ವರ್ಷ ಪಾಪ ಅಲ್ಲ," ಎಂದಳು. "ನಡುವೆ ನನ್ನ ಬೆರ್ತಾಗೆ ಎಷ್ಟು ಹಲ್ಲು ಬಿದ್ವೋ, ಎಷ್ಟು ಬಂದ್ವೋ. ಅದನ್ನ ಯಾವ ಸಭೆ ವಾಪಸ್ ಕೊಡುತ್ತೆ, ಗುರುಗಳೇ?"

ಪಾದ್ರಿ ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು.

ಹುಲ್ಲು ಕೊಯ್ಲು ಮುಗಿದ ಮೇಲೆ ಫೋಲ್ರಾಡ್ ಬಂದ. ದಪ್ಪಗಾಗಿದ್ದ, ಗಡ್ಡದಲ್ಲಿ ಬಿಳಿ ಇಣುಕಿತ್ತು. ಜೊತೆಗೆ ಹುಡುಗಿಯರಿಬ್ಬರೂ ಅವರ ದಾದಿಯೂ ಇದ್ದರು. ಯುಟ್ಟಾ ಕುದುರೆಯಿಂದ ಧುಮುಕಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಬೆರ್ತಾ ಇಳಿಯಲೊಲ್ಲಳು. ಇಳಿಸಿದರೆ ದಾದಿಯ ಲಂಗದ ಹಿಂದೆ ಅವಿತು, "ಅಮ್ಮಾ, ಇವರು ಯಾರು?" ಎಂದು ಆ ದಾದಿಯನ್ನೇ ಕೇಳಿದಳು.

ಲುಕಾರ್ಡಿಸ್ ಅವಳ ಹತ್ತಿರ ಹೋಗಲಿಲ್ಲ. "ನಾನು ಲುಕಾರ್ಡಿಸ್," ಎಂದಳಷ್ಟೆ. "ಒಳಗೆ ಬಾ, ಜೇನು ರೊಟ್ಟಿ ಇದೆ."

ಮಕ್ಕಳು ತಿನ್ನುವಾಗ ಫೋಲ್ರಾಡ್ ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದ.

"ಹೊಸ ಹೆಂಡತಿ ಹೇಗಿದಾರೆ, ದೊರೆ?" ಎಂದೆ ನಾನು. ಕೇಳದೆ ಇರಲಾಗಲಿಲ್ಲ. ಎಕ್ಬರ್ಟ್ ಅವನಿಗೊಂದು ಸಂಬಂಧ ಗೊತ್ತು ಮಾಡಿದ್ದು ನಮ್ಮ ಕಿವಿಗೂ ಬಿದ್ದಿತ್ತು.

"ಎಲ್ಲಿ ಹೆಂಡತಿ ಗೇಪಾ! ಆ ಹುಡುಗಿಗೆ ಹತ್ತು ವರ್ಷ, ಇನ್ನೂ ಗೊಂಬೆ ಆಡ್ತಾಳೆ. ಅವರಪ್ಪನಿಗೆ ಆಗಲ್ಲ ಅಂತ ಹೇಳಿ ಕಳಿಸಿದೆ." ಆಮೇಲೆ ಲುಕಾರ್ಡಿಸ್ ಕಡೆ ತಿರುಗಿದ. "ಈಗ ಅಡ್ಡಿ ಇಲ್ಲವಂತೆ. ಮನೆಗೆ ಬಾ. ನೀನು ಹೋದ್ಮೇಲೆ ನನ್ನ ಬಯ್ಯೋರೇ ಇಲ್ಲ ಅಲ್ಲಿ. ಎಲ್ಲರೂ ಹೂಂ ಅಂತಾರೆ."

"ನೀನೂ ಹೂಂ ಅಂದೋನೇ ಅಲ್ವಾ? ಅವತ್ತು ಎರಡು ಸಲ ಕೇಳಿದ್ರು ನಿನ್ನ."

"ಚಿಕ್ಕಪ್ಪ ಹೇಳಿದ್ರು, ಪಾಪ ಅಂತ. ಹುಟ್ಟಿದ ಗಂಡುಮಕ್ಕಳು ಉಳೀದೆ ಇದ್ದದ್ದೂ ಅದಕ್ಕೇ ಅಂತ. ನನಗೆ ಹೆದರಿಕೆ ಆಯ್ತು ಲುಕ್ಕಾ."

"ನನಗೆ ಆಗಲಿಲ್ವಾ?"

ಅವಳು ಒಳಗೆ ನೋಡಿದಳು. ಬೆರ್ತಾ ದಾದಿಯ ಮಡಿಲಲ್ಲಿ ಕೂತು ಬೆರಳಿಗಂಟಿದ ಜೇನು ನೆಕ್ಕುತ್ತಿದ್ದಳು.

"ಬರ್ತೀನಿ," ಎಂದಳು ಕೊನೆಗೆ. "ಆದ್ರೆ ನೀನು ಅದೇ ಚರ್ಚಿಗೆ ಬರಬೇಕು. ಅದೇ ಕಂಬದ ಹತ್ರ, ನಿಮ್ಮ ಚಿಕ್ಕಪ್ಪನ ಎದುರಿಗೆ, ಇವಳು ನನಗೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ತಲೆ ಅಲ್ಲಾಡಿಸಿದ್ರೆ ನಡೆಯಲ್ಲ."

ಅವನು ಹೇಳಿದ. ಮೊದಲ ಸಲ ಗಡ್ಡದೊಳಗೇ ಹೇಳಿಕೊಂಡ. ಕೇಳಿಸಲಿಲ್ಲ ಎಂದು ಯಾರೋ ಹಿಂದಿನಿಂದ ಗೊಣಗಿದರು. ಎರಡನೇ ಸಲ ಎಷ್ಟು ಜೋರಾಗಿ ಕೂಗಿದನೆಂದರೆ ಮಾಡಿನ ಪಾರಿವಾಳಗಳು ಎದ್ದವು. ಎಕ್ಬರ್ಟ್ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಹಬ್ಬಗಳಿಗೆ ಅವನು ಬರುವುದು ಮುಂದೆಯೂ ತಪ್ಪಲಿಲ್ಲ. ಲುಕಾರ್ಡಿಸ್ ಅವನಿಗೂ ಬಡಿಸಿದಳು, ಆದರೆ ಅವನಿದ್ದಾಗ ಮೇಜಿನಲ್ಲಿ ಹವಾಮಾನದ ಮಾತು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಮರಳಿದ ಸಂಸಾರ ಮೊದಲಿನಂತಿರಲಿಲ್ಲ. ಇಬ್ಬರೂ ಬೇರೆ ಬೇರೆ ಬಟ್ಟಲಿನಲ್ಲಿ ಕುಡಿದರು. ಗಂಡುಮಗು ಆಗಲೇ ಇಲ್ಲ. ಬೆರ್ತಾ ಎರಡು ಚಳಿಗಾಲ ಅವಳನ್ನು "ನೀವು" ಎಂದೇ ಕರೆದಳು. ಲುಕಾರ್ಡಿಸ್ ದಾದಿಯನ್ನು ಮನೆಯಿಂದ ಕಳಿಸಲಿಲ್ಲ. ಕಳಿಸು ಎಂದು ನಾನೇ ಹೇಳಿ ಬೈಸಿಕೊಂಡೆ. ಮೂರನೇ ವಸಂತದಲ್ಲಿ ಹುಡುಗಿಗೆ ಕೆಮ್ಮು ಕಚ್ಚಿಕೊಂಡಿತು. ಜ್ವರದ ನಡುವೆ ಅಮ್ಮಾ ಎಂದು ಕರೆದಳು. ದಾದಿಯೂ ಲುಕಾರ್ಡಿಸ್‌ಳೂ ಇಬ್ಬರೂ ಎದ್ದರು. ದಾದಿ ಮತ್ತೆ ಕುಳಿತುಕೊಂಡಳು.

ಫೋಲ್ರಾಡ್ ತೀರಿಕೊಂಡದ್ದು ಅದಾಗಿ ಒಂಬತ್ತು ವರ್ಷಕ್ಕೆ, ಕಾಲಿನ ಹುಣ್ಣಿನ ನಂಜು ಮೈಗೇರಿ. ಕೊನೆಯ ದಿನಗಳಲ್ಲಿ ಅವಳು ಅವನ ಹಾಸಿಗೆಯ ಬಳಿಯಿಂದ ಕದಲಲಿಲ್ಲ. ಒಂದು ಮಧ್ಯಾಹ್ನ ನಾನು ಬಿಸಿನೀರು ತಂದಾಗ ಅವನು ಕೇಳುತ್ತಿದ್ದ: "ನಿಜ ಹೇಳು ಲುಕ್ಕಾ. ನೀನು ವಾಪಸ್ ಬಂದಿದ್ದು ನನಗೋಸ್ಕರಾನಾ, ಮಕ್ಕಳಿಗೋಸ್ಕರಾನಾ?"

"ಮಕ್ಕಳಿಗೋಸ್ಕರ," ಎಂದಳು.

ಅವನು ನಕ್ಕ. "ಒಂದು ಸುಳ್ಳು ಹೇಳಬಾರದಿತ್ತಾ, ಸಾಯೋನಿಗೆ?"

ಅವಳು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು. "ಬಂದಿದ್ದು ಅವರಿಗೋಸ್ಕರ," ಎಂದಳು. "ಈಗ ಇಲ್ಲಿ ಕೂತಿದೀನಲ್ಲ. ಯುಟ್ಟಾ ಗಂಡನ ಮನೇಲಿದಾಳೆ, ಬೆರ್ತಾ ಕೆಳಗೆ ಗಿಡುಗ ಆಡಿಸ್ತಿದಾಳೆ. ಕಾಲು ಈ ಕಡೆ ತಾ."

ಅವನು ಕಾಲು ಚಾಚಿದ. ಅವಳು ಒರೆಸತೊಡಗಿದಳು.